ಗೋಡೆಯ ಮೇಲಿನ ಲಘುಗಣಕ

ಉಜ್ಜಿನಪ್ಪ ಮೇಷ್ಟ್ರು ಲಘುಗಣಕದ ಪಾಠ ಮಾಡುತ್ತಿರಲಿಲ್ಲ. ಮಾಡಲು ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ಅದು ಅಪಚಾರ. ಮಾಡದಿರುವುದಕ್ಕೆ ಅವರ ಬಳಿ ಒಂದು ಸಿದ್ಧಾಂತವಿತ್ತು. ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಲಘುಗಣಕದ್ದು ಒಂದೇ ಲೆಕ್ಕ ಬರುತ್ತದೆ, ಅದರ ಕೆಳಗೆ 'ಅಥವಾ' ಎಂದು ಇನ್ನೊಂದು ಲೆಕ್ಕ ಇರುತ್ತದೆ.

"ಸರ್ಕಾರನ 'ಅಥವಾ' ಅಂತ ಹಾದಿ ಬಿಟ್ಟುಕೊಟ್ಟೈತಿ. ನಾವ್ಯಾಕ ಮುಳ್ಳಾಗ ಹಾದು ಹೋಗಬೇಕು?" ಎನ್ನುತ್ತಿದ್ದರು. ಈ ದರ್ಶನದ ಬಲದಿಂದಲೇ ಅವರು ಗಣಿತದ ಮೇಷ್ಟ್ರಾಗಿ, ಮುಂದೆ ಮುಖ್ಯೋಪಾಧ್ಯಾಯರೂ ಆಗಿ, ಒಂದು ತಲೆಮಾರನ್ನು ದಡ ಮುಟ್ಟಿಸಿದ್ದರು. ಯಾವ ದಡ ಎಂದು ಆ ತಲೆಮಾರು ಕೇಳಿರಲಿಲ್ಲ.

ತಂಬ್ರಹಳ್ಳಿ ದಾಟಿ ಹೋದರೆ ಸಿಗುವ ಊರು ಅದು. ಹೆಸರು ಹೇಳಿದರೆ ಕಂಡಕ್ಟರು ಒಮ್ಮೆ ಮುಖ ನೋಡಿ, ಆಮೇಲೆ ಟಿಕೀಟು ಹರಿಯುತ್ತಿದ್ದ. ಅಲ್ಲಿನ ಹೈಸ್ಕೂಲಿಗೆ ೧೯೯೮ರ ಜೂನ್‌ನಲ್ಲಿ ಕ್ರಾಂತಿಕುಮಾರ್ ಗಣಿತದ ಮೇಷ್ಟ್ರಾಗಿ ಬಂದ. ಅವನಪ್ಪ ಪಕ್ಕೀರಪ್ಪ ಹರಪನಹಳ್ಳಿಯಲ್ಲಿ ಚಳವಳಿ, ಮೆರವಣಿಗೆ ಎಂದು ಓಡಾಡುತ್ತಿದ್ದ ಕಾಲದಲ್ಲಿ ಹುಟ್ಟಿದ ಮಗನಿಗೆ ಆ ಹೆಸರು ಇಟ್ಟಿದ್ದ. ಮಗ ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಎರಡು ಪೆನ್ನು ಸಿಗಿಸಿಕೊಂಡು, ನೊಣಕ್ಕೂ ನೋವಾಗದಂತೆ ಮಾತಾಡುವವನಾಗಿ ಬೆಳೆದಿದ್ದ.

ಉಜ್ಜಿನಪ್ಪನವರು ಹಾಜರಾತಿ ಪುಸ್ತಕದಲ್ಲಿ ಆ ಹೆಸರನ್ನು ಎರಡು ಸಲ ಓದಿದರು. "ಕ್ರಾಂತಿ ಗೀಂತಿ ಏನಿದ್ರೂ ಹೊರಗ. ಒಳಗ ಪಾಠ ಅಷ್ಟ. ಇನ್ನ ಮ್ಯಾಲೆ ಗಣಿತ ಎಲ್ಲಾ ನಿಮ್ದು. ನನಗ ಆಡಳಿತ ಐತಿ. ಆ ಲಘುಗಣಕ ಒಂದು ಬಿಟ್ಟುಬಿಡ್ರಿ."

"ಪಾಠಪಟ್ಟಿಯಲ್ಲಿ ಐತಲ್ಲ ಸಾರ್?"

"ಪಾಠಪಟ್ಟಿದಾಗ ಆಟನೂ ಐತಿ. ಮೈದಾನ ಎಲ್ಲೈತಿ ತೋರಿಸ್ರಿ ನೋಡೋಣ."

ಕ್ರಾಂತಿ ಕಿಟಕಿಯಿಂದ ಹೊರಗೆ ನೋಡಿದ. ಮೈದಾನದಲ್ಲಿ ಯಾರದೋ ಜೋಳದ ತೆನೆ ಒಣಗುತ್ತಿತ್ತು.

ಆದರೂ ಅವನು ಆ ಪಾಠ ಹಿಡಿದ. ಕರಿಹಲಗೆಯ ಮೇಲೆ 'ಲಘುಗಣಕ' ಎಂದು ಬರೆದು ತಿರುಗುವಷ್ಟರಲ್ಲಿ ಮುಂದಿನ ಬೆಂಚಿನ ಶಾಂಭವಿ ಎದ್ದು ನಿಂತಿದ್ದಳು. ಊರಿನ ಗೊಬ್ಬರದಂಗಡಿಯ ಗುರುಶಾಂತನ ಮಗಳು. ಕೇಳಬೇಕು ಅನಿಸಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿಲ್ಲದವಳು.

"ಸಾರ್, ಲಘು ಅಂದ್ರ ಹಗುರ ಅಲ್ರೀ? ಹಗುರ ಇದ್ರ ಇಷ್ಟು ವರ್ಷ ಯಾಕ ಬಿಟ್ಟಿದ್ರು?"

ಕ್ರಾಂತಿ ನಕ್ಕು ಮುಂದುವರಿದ. "ಹತ್ತನ್ನ ಎಷ್ಟು ಸಲ ಇಟ್ಟು ಗುಣಿಸಿದ್ರೆ ನೂರು? ಎರಡು ಸಲ. ಆ ಎರಡೇ ನೂರರ ಲಘುಗಣಕ. ಸಾವಿರಕ್ಕೆ ಮೂರು."

"ಹಂಗಾದ್ರ ಐವತ್ತಕ್ಕ?"

"ಒಂದಕ್ಕಿಂತ ಜಾಸ್ತಿ, ಎರಡಕ್ಕಿಂತ ಕಮ್ಮಿ. ಆ ನಡುವಿನದನ್ನೆಲ್ಲ ಯಾರೋ ಪುಣ್ಯಾತ್ಮರು ಲೆಕ್ಕ ಹಾಕಿ ಕೋಷ್ಟಕ ಮಾಡಿ ಇಟ್ಟಾರೆ. ಅದು ಕೈಯಾಗಿದ್ರೆ ಗುಣಾಕಾರ ಮಾಡಬೇಕಾದಲ್ಲಿ ಬರೀ ಕೂಡಿದ್ರೆ ಸಾಕು."

ಎರಡರದು .೩೦೧೦, ಮೂರರದು .೪೭೭೧ ಎಂದು ಬರೆದು ಕೂಡಿದ. .೭೭೮೧ ಬಂತು. ಆರರದು .೭೭೮೨.

"ಒಂದು ಎಲ್ಲಿ ಹೋತ್ರಿ ಸಾರ್?" ಶಾಂಭವಿ ಮತ್ತೆ ಎದ್ದಳು.

ಕೆಲಸಕ್ಕೆ ಸೇರಿದ ಮೇಲೆ ಕ್ರಾಂತಿಗೆ ಅಷ್ಟು ಸಂತೋಷ ಕೊಟ್ಟ ಮಾತು ಬೇರೊಂದಿರಲಿಲ್ಲ. ಈ ಅಂಕಿಗಳಿಗೆ ಕೊನೆಯಿಲ್ಲ, ನಾಲ್ಕು ಸ್ಥಾನಕ್ಕೆ ಬಾಲ ಕತ್ತರಿಸಿರುತ್ತಾರೆ, ಕತ್ತರಿಸಿದ ಚೂರುಗಳು ಒಟ್ಟು ಸೇರಿದರೆ ಹೀಗೆ ಒಂದರ ವ್ಯತ್ಯಾಸ ಬರುತ್ತದೆ ಎಂದು ಗಂಟೆ ಬಾರಿಸುವವರೆಗೆ ವಿವರಿಸಿದ.

ಇನ್ನು ಪ್ರತಿ ಮಗುವಿನ ಕೈಗೂ ಕೋಷ್ಟಕ ಬೇಕಿತ್ತು. ಕೋಷ್ಟಕದ ಪುಸ್ತಕಗಳು ಶಾಲೆಯಲ್ಲಿದ್ದವು. ಎಷ್ಟು ಭದ್ರವಾಗಿ ಇದ್ದವೆಂದರೆ, ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದ ಕೆಳಗೆ, ಉಜ್ಜಿನಪ್ಪನವರ ಕುರ್ಚಿಯ ಹಿಂದೆ. ಬೀಗದ ಕೈ ಅವರ ಲಿಂಗದ ಕರಡಿಗೆಗಿಂತ ಒಂದು ಗೇಣು ಕೆಳಗೆ, ಉಡಿದಾರದಲ್ಲಿ ಇರುತ್ತಿತ್ತು.

"ಮಕ್ಕಳ ಕೈಯಾಗ ಕೊಟ್ರ ಹರೀತಾವ. ನಾಳೆ ಆಡಿಟ್‌ನವರು ಬಂದು ಕೇಳಿದ್ರ ನೀವು ಜವಾಬು ಕೊಡ್ತೀರೇನು?"

"ಬಳಸೋಕೆ ಅಂತಲೇ ಕೊಟ್ಟಿರ್ತಾರಲ್ಲ ಸಾರ್?"

"ಕೊಟ್ಟಿರೋದು ಇಡಾಕ," ಎಂದರು ಉಜ್ಜಿನಪ್ಪ, ಮಗುವಿಗೆ ಹೇಳುವ ಹಾಗೆ.

ಅದೇ ಹೊತ್ತಿಗೆ, ಶಾಲೆಯ ಗೋಡೆಗಳೂ ಪಾಠ ಹೇಳುವಂತಿರಬೇಕು ಎಂದು ಮೇಲಿನಿಂದ ಒಂದು ಸುತ್ತೋಲೆ ಬಂತು. ಗೋಡೆಗಳಾದರೂ ಹೇಳಲಿ ಎಂಬ ಆಸೆ ಮೇಲಿನವರಿಗೆ ಹುಟ್ಟಿದ್ದು ಸಹಜವೇ. ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಶಾಲೆಯ ಉದ್ದನೆಯ ಕಾಂಪೌಂಡು ಗೋಡೆ ಬಿಳಿಯಾಗಿ ಬಿದ್ದಿತ್ತು. ಕೋಷ್ಟಕವನ್ನು ಅದರ ಮೇಲೇ ಬರೆಸಿಬಿಡುತ್ತೇನೆ ಎಂದ ಕ್ರಾಂತಿ. ಸುತ್ತೋಲೆಗೆ ಉತ್ತರ ಬರೆಯುವ ಕೆಲಸ ತಪ್ಪಿತಲ್ಲ ಎಂದು ಉಜ್ಜಿನಪ್ಪ ಒಪ್ಪಿದರು. ಗುರುಶಾಂತ ತನ್ನ ಅಂಗಡಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ದಾನ ಮಾಡಿದ. ಪ್ರತಿಯಾಗಿ ಅವನು ಕೇಳಿದ್ದು ತೀರ ಚಿಕ್ಕದು: ಕೋಷ್ಟಕದ ತಲೆಯ ಮೇಲೆ, ಕೋಷ್ಟಕಕ್ಕಿಂತ ದೊಡ್ಡ ಅಕ್ಷರದಲ್ಲಿ, ತನ್ನ ಅಂಗಡಿಯ ಹೆಸರು.

ಒಂಬತ್ತನೇ ತರಗತಿಯ ಮಾಳಮ್ಮನ ಕೈಬರಹ ಮುದ್ದಾಗಿತ್ತು. ಅವಳಪ್ಪ ಮಾಡುತ್ತಿದ್ದದ್ದು ಗೌಂಡಿ ಕೆಲಸ, ಅದರಿಂದ ಗೋಡೆಯ ಮೇಲೆ ದಾರ ಹಿಡಿದು ಗೆರೆ ಹೊಡೆಯುವುದೂ ಅವಳಿಗೆ ಗೊತ್ತಿತ್ತು. ಕ್ರಾಂತಿ ತನ್ನ ಕಾಲೇಜಿನ ದಿನಗಳ ಹಳೆಯ ಕೋಷ್ಟಕ ಹಿಡಿದು ಒಂದೊಂದೇ ಅಂಕಿ ಓದಿದ; ಹುಡುಗಿ ಏಣಿ ಹತ್ತಿ ಬರೆದಳು; ಉಳಿದವರು ಬಣ್ಣ ಕಲಸಿದರು. ಹತ್ತರಿಂದ ತೊಂಬತ್ತೊಂಬತ್ತರವರೆಗಿನ ಸಾಲುಗಳು ಮುಗಿಯುವ ಹೊತ್ತಿಗೆ ಎಲ್ಲರ ಮೂಗೂ ನೀಲಿಯಾಗಿತ್ತು.

ಮರುದಿನ ಸಂಜೆ ಗೋಡೆಯ ಮುಂದೆ ಜನ ನಿಂತಿದ್ದರು. ಅದರ ಮರುದಿನ ಇನ್ನಷ್ಟು ಜನ. ಕೆಲವರ ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಬೀಡಿ ಕಟ್ಟಿನ ಕಾಗದ. ಒಬ್ಬ ಮುದುಕ ಕನ್ನಡಕ ಒರೆಸಿ ಒರೆಸಿ ನೋಡುತ್ತಿದ್ದ. ಕ್ರಾಂತಿಯ ಎದೆ ತುಂಬಿ ಬಂತು. ಹಳ್ಳಿಯ ಜನಕ್ಕೆ ಗಣಿತದ ಹಸಿವಿಲ್ಲ ಎಂದು ಹೇಳಿದ ತಿಳಿಗೇಡಿಗಳು ಯಾರು? ಕೊಡುವವರಿಲ್ಲ, ಅಷ್ಟೇ. ಅವನು ಒಂದು ಕೋಲು ಹಿಡಿದು ಗೋಡೆಯ ಬಳಿಯೇ ವಯಸ್ಕರ ಶಿಕ್ಷಣ ಆರಂಭಿಸಿದ.

ಗುರುಶಾಂತ ಎಲ್ಲರಿಗಿಂತ ಮುಂದೆ ನಿಂತಿದ್ದ. "ಮೇಷ್ಟ್ರ, ಈ ಎಡಗಡಿ ಇರೋದು ಏನ್ರಿ?"

"ಅದು ಸಂಖ್ಯೆ, ಸಾವುಕಾರ್ರೇ."

"ಬಲಗಡಿ ಇರೋದು?"

"ಅದರ ಲಘುಗಣಕ."

"ಅಂದ್ರ, ಎಡಕ್ಕಿರೋದು ನಮಗ ಗೊತ್ತಿದ್ರ, ಬಲಕ್ಕಿರೋದು ಬರ್ತೈತಿ ಅಂದಂಗಾತು."

"ಬಂದೇ ಬರುತ್ತೆ."

"ಗ್ಯಾರಂಟಿ?"

"ಗಣಿತ ಅಂದ್ರೇನೇ ಗ್ಯಾರಂಟಿ ಸಾವುಕಾರ್ರೇ," ಎಂದ ಕ್ರಾಂತಿ ಹೆಮ್ಮೆಯಿಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಏಕಾಗ್ರತೆ ಅವನಿಗೆ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಅವನ ಕಣ್ಣು ತೆರೆಸಿದವಳು ಶಾಂಭವಿ. ಒಂದು ಮಧ್ಯಾಹ್ನ ತರಗತಿ ಮುಗಿದ ಮೇಲೆ ಹಿಂದೆ ಉಳಿದಳು.

"ಸಾರ್, ಒಂದು ಮಾತ ಹೇಳ್ತೀನಿ, ಬೈಬ್ಯಾಡ್ರಿ. ಅವರು ಯಾರೂ ಲೆಕ್ಕ ಕಲಿಯಾಕ ಬರಾಕತ್ತಿಲ್ರಿ. ಓಸಿ ನಂಬರ್ ನೋಡಾಕ ಬರಾಕತ್ತಾರ್ರಿ. ನಮ್ಮಪ್ಪನೂ ಅದಾನ್ರಿ ಅದರಾಗ."

ಓಸಿ ಎಂದರೆ ಮಟ್ಕಾ. ಎರಡು ಅಂಕಿಯ ಒಂದು ಜೋಡಿಯನ್ನು ಊಹಿಸಿ ಚೀಟಿ ಬರೆಸುವುದು, ಯಾವುದೋ ದೂರದ ಊರಿನಿಂದ ಫೋನಿನಲ್ಲಿ ಫಲಿತಾಂಶ ಬರುವವರೆಗೆ ಶ್ರೀಮಂತನಾಗಿರುವುದು. ಆ ಜೋಡಿಯನ್ನು ಊಹಿಸಲು ಊರಿನವರು ಅದುವರೆಗೆ ಕನಸು, ಹಲ್ಲಿ ಬಿದ್ದ ಜಾಗ, ಲಾರಿಯ ನಂಬರು ಮುಂತಾದ ಅವೈಜ್ಞಾನಿಕ ಸಾಧನಗಳನ್ನು ಬಳಸುತ್ತಿದ್ದರು. ಈಗ ಸರ್ಕಾರಿ ಶಾಲೆಯೇ ಗೋಡೆಯ ತುಂಬ ನಾಲ್ಕು ನಾಲ್ಕು ಅಂಕಿ ಬರೆಸಿ, ಸಂಬಳದ ಮೇಷ್ಟ್ರೊಬ್ಬನನ್ನು ಕೋಲು ಕೊಟ್ಟು ನಿಲ್ಲಿಸಿತ್ತು.

ಕ್ರಾಂತಿ ಕೋಲನ್ನು ಮೂಲೆಗಿಟ್ಟ. ಆದರೆ ಅವನ ಗ್ರಹಚಾರ, ಅದೇ ತಿಂಗಳ ಇಪ್ಪತ್ತೇಳನೇ ತಾರೀಕು ಗುರುಶಾಂತ ಗೋಡೆಯ ಇಪ್ಪತ್ತೇಳರ ಸಾಲು ನೋಡಿದ. ಸಾಲಿನ ಮೊದಲಿಗೇ ೪೩೧೪ ಎಂದಿತ್ತು. ಮೊದಲಿನ ಜೋಡಿ ಹಿಡಿದ. ಆ ದಿನ ನಲವತ್ತಮೂರೇ ಬಂತು.

ಬೆಳಗಾಗುವಷ್ಟರಲ್ಲಿ ಇಪ್ಪತ್ತೇಳರ ಸಾಲಿಗೆ ಅರಿಶಿನ, ಕುಂಕುಮ, ಒಂದು ಚೆಂಡುಹೂವಿನ ಮಾಲೆ. ಗೋಡೆಯ ಬುಡದಲ್ಲಿ ಒಡೆದ ತೆಂಗಿನಕಾಯಿ. ಹೋಟೆಲಿನವನು ಕ್ರಾಂತಿಯ ಚಹಾಕ್ಕೆ ಕಾಸು ಮುಟ್ಟಲಿಲ್ಲ. ಬಸ್ಸಿನಲ್ಲಿ ಅಪರಿಚಿತರು ಎದ್ದು ಸೀಟು ಬಿಟ್ಟರು. ಅವನು ಗೋಡೆಯ ಮುಂದೆ ನಿಂತು ಕೈ ಮುಗಿದು, "ಇದಕ್ಕೂ ಓಸಿಗೂ ಸಂಬಂಧ ಇಲ್ಲ. ಅದು ಅಕಸ್ಮಾತ್ ಬಂದಿದ್ದು. ದಯಮಾಡಿ ನಂಬಬೇಡ್ರಿ," ಎಂದ.

"ಪಾಪ, ಹಂಗ ಹೇಳಬೇಕಾಗ್ತೈತಿ ಅವರು," ಎಂದ ಒಬ್ಬ. "ಸರ್ಕಾರಿ ನೌಕರಿ ಅಲ್ಲೇನು?"

ಉಜ್ಜಿನಪ್ಪನವರು ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಬೈಯುತ್ತಾರೆ ಎಂದು ಕ್ರಾಂತಿ ತಲೆ ತಗ್ಗಿಸಿದ. ಅವರು ಗಂಟಲು ಸರಿಮಾಡಿಕೊಂಡರು.

"ಆಡಳಿತದ ದೃಷ್ಟಿಯಿಂದ ಕೇಳಾಕತ್ತೀನಿ. ನಾಳೆ ಯಾವ ಸಾಲು ಪಾಠ ಮಾಡೋರದೀರಿ?"

ಒಂದು ವಿಚಿತ್ರ ಮಾತ್ರ ನಡೆದೇ ಇತ್ತು. ಅಪ್ಪಂದಿರಿಗೆ ಕೋಷ್ಟಕ ನೋಡಲು ಬರುತ್ತಿರಲಿಲ್ಲ. ಅದಕ್ಕೆ ಮಕ್ಕಳು ಬೇಕು. ಮನೆ ಮನೆಯಲ್ಲೂ ಊಟಕ್ಕೆ ಕೂತಾಗ ಪ್ರಶ್ನೆ, ನೀರು ಸೇದುವಾಗ ಪ್ರಶ್ನೆ. ಮೂವತ್ತಾರು ಇಂಟು ಹನ್ನೆರಡು ಕೋಷ್ಟಕದಾಗ ಹೆಂಗ ನೋಡೋದು, ಅಮಾಸಿ ದಿನ ಯಾವ ಕಾಲಮ್ಮು ಹಿಡೀಬೇಕು. ಹೋಮ್‌ವರ್ಕ್ ಎಂದರೆ ಓಡುತ್ತಿದ್ದ ಹುಡುಗರು ಅಪ್ಪನ ಏಟಿಗೆ ಹೆದರಿ ಲಘುಗಣಕ ಕಲಿತರು. ಬಿ.ಇಡಿ.ಯಲ್ಲಿ ಕಲಿಸಿದ ಯಾವ ಬೋಧನಾ ವಿಧಾನವೂ ಇಷ್ಟು ಫಲ ಕೊಟ್ಟದ್ದನ್ನು ಕ್ರಾಂತಿ ಕಂಡಿರಲಿಲ್ಲ. ತಡೆಯಬೇಕೋ, ಮೊದಲು ಪಾಠ ಮುಗಿಯಲಿ ಎಂದು ಬಿಡಬೇಕೋ ತಿಳಿಯದೆ ಅವನಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ವಾರ ಶಾಂಭವಿ ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡ. ಮಾಳಮ್ಮ ಹೇಳಿದಳು, "ಜ್ವರ ಅಲ್ರಿ ಸಾರ್. ಅಂಗಡ್ಯಾಗ ಕುಂದ್ರಿಸ್ಯಾರ."

ಕ್ರಾಂತಿ ನೇರ ಗೊಬ್ಬರದಂಗಡಿಗೆ ಹೋದ. ಹಿಂದುಗಡೆ, ಯೂರಿಯಾ ಚೀಲಗಳ ನಡುವೆ ಶಾಂಭವಿ ಕೂತಿದ್ದಳು. ಸುತ್ತ ಹರಡಿದ ಕಾಗದಗಳ ತುಂಬ ಅಂಕಿ. ಗೊಬ್ಬರದ ವಾಸನೆಗೆ ಅವಳ ಕಣ್ಣು ಕೆಂಪಾಗಿತ್ತು. ಒಳಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ನಾಗಲಿಂಗಮ್ಮ ಮೇಷ್ಟ್ರನ್ನು ಕಂಡದ್ದೇ, "ನೀವಾದ್ರೂ ಹೇಳ್ರಿ ಇವರಿಗೆ. ಸಾಕು ಮಾಡ್ರಿ ಅಂದ್ರ ನನ್ನ ಮಾತ ಕೇಳವಲ್ರು," ಎಂದಳು.

ಗುರುಶಾಂತ ಸಂಭ್ರಮದಿಂದ ಕುರ್ಚಿ ಒರೆಸಿದ. "ಬರ್ರಿ ಮೇಷ್ಟ್ರ, ಬರ್ರಿ. ನಿಮ್ಮ ವಿದ್ಯಾ ನನ್ನ ಮಗಳಿಗೆ ಭಾಳ ಚಲೋ ಹತ್ತೈತಿ."

"ಸಾವುಕಾರ್ರೇ, ಅವಳನ್ನ ಶಾಲೆಗೆ ಕಳಿಸ್ರಿ."

"ಸಾಲ್ಯಾಗ ಕಲೀಬೇಕಾದ್ದು ಕಲಿತಾಳಲ್ರಿ. ಇನ್ನೇನೈತಿ ಅಲ್ಲಿ? ಇತಿಹಾಸ ಓದಿದ್ರ ನಂಬರ್ ಬರ್ತೈತೇನು?"

ಕ್ರಾಂತಿ ಸತ್ಯ ಹೇಳಲು ಬಾಯಿ ತೆರೆದ. ಸತ್ಯವನ್ನು ಅವನು ಊರಿಗೆಲ್ಲ ಹೇಳಿಯಾಗಿತ್ತು, ಅದರಿಂದ ಆದ ಉಪಯೋಗವನ್ನೂ ಕಂಡಿದ್ದ. ಚೀಲಗಳ ನಡುವಿನಿಂದ ಹುಡುಗಿ ಅವನನ್ನೇ ನೋಡುತ್ತಿದ್ದಳು. ಅವನು ಕುರ್ಚಿಯನ್ನು ಗುರುಶಾಂತನ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

"ನಿಮಗೊಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ್ರಿ. ಒಂಬತ್ತನೇ ಕ್ಲಾಸಿಗೆ ಕೊಟ್ಟಿರೋದು ಬರೀ ಹೊರಗಿನ ಸಿಪ್ಪೆ."

ಗುರುಶಾಂತ ಕಣ್ಣರಳಿಸಿದ. "ಅಂದ್ರ?"

"ಅಸಲಿ ಲೆಕ್ಕ ಇನ್ನೂ ಮುಂದೆ ಐತೆ. ಹತ್ತನೇದು ಪಾಸಾಗಬೇಕು, ಪಿಯುಸಿನಲ್ಲಿ ಸೈನ್ಸ್ ತಗೋಬೇಕು. ಪೂರ್ತಿ ಒಳಮರ್ಮ ಬಿಡಿಸಿ ಹೇಳೋದು ಡಿಗ್ರಿಯಲ್ಲಿ. ನಡುವೆ ಒಂದು ಪಾಠ ತಪ್ಪಿದ್ರೂ ಎಲ್ಲಾ ಹೋತು. ಅದಕ್ಕೇ ನೋಡ್ರಿ, ನಮ್ಮ ಕಡೆ ಯಾರಿಗೂ ಪೂರ್ತಿ ಸಿಕ್ಕಿಲ್ಲ."

"ನಿಮಗ ಸಿಕ್ಕೈತಲ್ಲ?"

"ನಾನು ಡಿಗ್ರಿಯಲ್ಲಿ ಎರಡು ತಿಂಗಳು ಜಾಂಡೀಸ್ ಆಗಿ ಮಲಗಿದ್ದೆ," ಎಂದ ಕ್ರಾಂತಿ.

ಲೆಕ್ಕದ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಕಿವಿ ಸುಟ್ಟ ಹಾಗಾಯಿತು. ಶಾಂಭವಿ ತಟ್ಟನೆ ತಲೆ ಬಗ್ಗಿಸಿ ಕಾಗದಗಳನ್ನು ಕೂಡಿಸತೊಡಗಿದಳು. ಅವಳ ಹೆಗಲು ಮಾತ್ರ ಕುಲುಕುತ್ತಿತ್ತು. ಮರುದಿನ ಗುರುಶಾಂತ ತಾನೇ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು, ಮೊದಲ ಗಂಟೆಗೆ ಮುಂಚೆಯೇ ಬಿಟ್ಟು ಹೋದ.

ಉಳಿದವರಿಗೆ ಇಂಥ ಸಮಾಧಾನ ಸಿಗಲಿಲ್ಲ. ಇಪ್ಪತ್ತೇಳರ ಸಾಲು ಮತ್ತೆ ಕೈ ಹಿಡಿಯಲಿಲ್ಲ, ಬೇರೆ ಸಾಲುಗಳೂ ಹಿಡಿಯಲಿಲ್ಲ. ಮಾಲೆ ಒಣಗಿತು. ಹೋಟೆಲಿನವನು ಚಹಾಕ್ಕೆ ಕಾಸು ಕೇಳಿದ. ಕೊನೆಗೆ ಊರಿನ ಶಿಕ್ಷಣಪ್ರೇಮಿಗಳು ಸೇರಿ ಮೇಲಿನ ಕಚೇರಿಗೆ ಒಂದು ಅರ್ಜಿ ಕಳಿಸಿದರು. ಅದರಲ್ಲಿ ಓಸಿಯ ಸುದ್ದಿ ಎಲ್ಲೂ ಇರಲಿಲ್ಲ. 'ಶಾಲೆಯ ಗೋಡೆಯ ಕೋಷ್ಟಕವು ತಪ್ಪುಗಳಿಂದ ಕೂಡಿದ್ದು, ಮಕ್ಕಳ ಭವಿಷ್ಯ ಹಾಳಾಗುತ್ತಿದೆ' ಎಂದು ಕಳಕಳಿಯಿಂದ ಬರೆದಿತ್ತು.

ತನಿಖೆಗೆ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ, "ಇದು ಸರಿ ಐತೋ ಇಲ್ಲೋ ಅಂತ ಯಾವುದರ ಜೋಡಿ ತಾಳೆ ನೋಡಬೇಕು?" ಎಂದರು.

ಕ್ರಾಂತಿ ತನ್ನ ಹಳೆಯ ಕೋಷ್ಟಕ ಮುಂದೆ ಮಾಡಿದ.

"ಇದು ಖಾಸಗಿ. ಇಲಾಖೆ ಕೊಟ್ಟಿದ್ದು ಬೇಕು."

ಉಜ್ಜಿನಪ್ಪನವರು ಉಡಿದಾರದಿಂದ ಬೀಗದ ಕೈ ಬಿಚ್ಚಲೇಬೇಕಾಯಿತು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಗೆದ್ದಲು ಮಣ್ಣು. ಪುಸ್ತಕಗಳ ರಟ್ಟು ಮಾತ್ರ ಅಲ್ಲಲ್ಲಿ ಉಳಿದಿತ್ತು.

"ಯಾರ ಕೈಗೂ ಕೊಟ್ಟಿರಲಿಲ್ಲ ಸಾರ್," ಎಂದರು ಉಜ್ಜಿನಪ್ಪ. ಅದು ನಿಜವೇ ಆಗಿತ್ತು.

ಅಧಿಕಾರಿಗಳು ಸ್ವತಃ ಪರೀಕ್ಷಿಸಲು ಮುಂದಾದರು. ಎರಡರದನ್ನೂ ಮೂರರದನ್ನೂ ಕೂಡಿಸಿದರು. ಆರರದಕ್ಕೆ ಒಂದು ಕಡಿಮೆ ಬಂತು. "ಎರಡ ಮೂರ್ಲೆ ಆರು ಅಂತ ಒಂದನೇ ಕ್ಲಾಸಿನ ಕೂಸಿಗೂ ಗೊತ್ತೈತಿ. ನಿಮ್ಮ ಗ್ವಾಡ್ಯಾಗ ಆರು ಆಗವಲ್ದಲ್ರಿ?"

"ಬಾಲ ಕತ್ತರಿಸಿರ್ತಾರ್ರಿ ಸಾರ್," ಎಂದಳು ಗುಂಪಿನಲ್ಲಿದ್ದ ಶಾಂಭವಿ. "ಐದನೇ ಸ್ಥಾನದ್ದು ಹಿಡಿದು ಕೂಡಿದ್ರ ಸರಿ ಬರ್ತೈತ್ರಿ."

"ಜಾಣ ಹುಡುಗಿ. ಹಿಂದಕ್ಕ ಸರಿ," ಎಂದು ಅಧಿಕಾರಿಗಳು ಬರೆದುಕೊಂಡರು: ಕೋಷ್ಟಕದಲ್ಲಿ ಬಾಲ ಕತ್ತರಿಸಿರುವುದು ಒಪ್ಪಿತವಾಗಿದೆ, ಮೇಲಿನ ನಿರ್ಧಾರ ಬರುವವರೆಗೆ ಗೋಡೆಗೆ ಸುಣ್ಣ ಬಳಿಯತಕ್ಕದ್ದು, ಸದರಿ ಶಿಕ್ಷಕರನ್ನು ಬೇರೆಡೆಗೆ ನಿಯೋಜಿಸತಕ್ಕದ್ದು.

ಸುಣ್ಣ ಬಳಿಯುವ ಕೆಲಸ ಮತ್ತೆ ಮಾಳಮ್ಮನ ಪಾಲಿಗೇ ಬಂತು. ಅವಳು ಒಂದೊಂದು ಸಾಲನ್ನೂ ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಅದರ ಮೇಲೆ ಕುಂಚ ಎಳೆಯುತ್ತಿದ್ದಳು. ಕ್ರಾಂತಿ ಸ್ವಲ್ಪ ಹೊತ್ತು ಕೇಳುತ್ತ ನಿಂತ. ಅರ್ಧ ಗೋಡೆ ದಾಟುವ ಹೊತ್ತಿಗೆ ಅವಳು ಗೋಡೆ ನೋಡದೆಯೇ ಹೇಳುತ್ತಿರುವುದು ಅವನಿಗೆ ಗೊತ್ತಾಯಿತು. ಅವನು ಮುಖ ತಿರುಗಿಸಿ, ಯಾರಿಗೂ ಹೇಳದೆ ಬಸ್ಸಿನ ಕಡೆ ನಡೆದ.

ಅವನನ್ನು ಹಾಕಿದ್ದು ಹೊಳೆದಂಡೆಯ ಹಲವಾಗಲು ಶಾಲೆಗೆ. ಆ ವರ್ಷದ ವಾರ್ಷಿಕ ಪರೀಕ್ಷೆಯಲ್ಲಿ ಅವನ ಹಳೆಯ ತರಗತಿ ಇಡಿಯಾಗಿ 'ಅಥವಾ'ದ ಮೇಲಿನ ಲೆಕ್ಕವನ್ನೇ ಮಾಡಿತೆಂದೂ, ಎಲ್ಲರದೂ ಸರಿ ಬಂದಿತೆಂದೂ, ಲಘುಗಣಕ ಬೋಧನೆಯಲ್ಲಿ ಹೊಸ ಹಾದಿ ತೋರಿದ್ದಕ್ಕಾಗಿ ಉಜ್ಜಿನಪ್ಪನವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರೆಂದೂ ಅವನಿಗೆ ಅಲ್ಲಿ ಸುದ್ದಿ ಮುಟ್ಟಿತು. ಅವನು ಶಾಲಿನ ಬಣ್ಣ ಯಾವುದಿತ್ತು ಎಂದು ಮಾತ್ರ ಕೇಳಿದ.

ಎರಡು ಸಾವಿರದ ಇಸವಿಯ ಜೂನ್‌ನಲ್ಲಿ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಮೇಷ್ಟ್ರ!" ಎಂದು ಕೂಗಿದರು. ಗುರುಶಾಂತ. ಪಕ್ಕದಲ್ಲಿ ಎತ್ತರವಾಗಿ ಬೆಳೆದ ಶಾಂಭವಿ.

"ಪಿಯುಸಿ ಸೈನ್ಸ್‌ಗೆ ಹಚ್ಚಿ ಬಂದ್ವಿ ನೋಡ್ರಿ. ನೀವು ಹೇಳಿದಂಗ," ಎಂದ ಗುರುಶಾಂತ. ಮತ್ತೆ ಹತ್ತಿರ ಬಂದು ಪಿಸುಗುಟ್ಟಿದ, "ನಮ್ಮ ತಮ್ಮ ಒಂದು ವರ ತಂದಿದ್ದ. ಬೈದು ಕಳಿಸಿದೆ. ಡಿಗ್ರಿ ಮುಗಿಯೂತನಕ ಮದುವಿ ಮಾತು ಎತ್ತಬ್ಯಾಡ್ರಿ ಅಂದೀನಿ. ನಡುವ ಒಂದು ಪಾಠ ತಪ್ಪಿದ್ರ ಏನು ಗತಿ?"

ಗುರುಶಾಂತ ಬಸ್ಸಿನಲ್ಲಿ ಸೀಟು ಹಿಡಿಯಲು ಟವೆಲ್ಲು ಎಸೆಯುತ್ತ ಓಡಿದ. ಶಾಂಭವಿ ಒಂದು ಹೆಜ್ಜೆ ಹಿಂದೆ ಉಳಿದಳು.

"ಅಪ್ಪಗ ಸತ್ಯ ಹೇಳಿಲ್ಲೇನಮ್ಮ?"

"ಇಲ್ರಿ ಸಾರ್," ಎಂದಳು ಅವಳು. "ಡಿಗ್ರಿ ಮುಗೀಲಿ ತಡೀರಿ. ಆಮ್ಯಾಲೆ ಎಂ.ಎಸ್ಸಿ. ಐತಿ ಅಂತ ಹೇಳ್ತೀನಿ."